ಅರ್ಧ ಕೌದಿಯ ಜೊತೆ ಹ್ಯಾನೋವರಿಗೆ

ರಂಗಂಪೇಟೆಯ ಟ್ರಂಕು

ಜರ್ಮನಿಗೆ ಹೋಗುವವರು ಸ್ವೆಟರು, ಉಣ್ಣೆ ಟೋಪಿ, ಉಪ್ಪಿನಕಾಯಿ ಒಯ್ಯುತ್ತಾರೆ. ನಾನು ಹಳೆಯ ಬಟ್ಟೆಯಿಂದ ಅರ್ಧ ಹೊಲಿದ ಒಂದು ಕೌದಿ ಒಯ್ದೆ. ಅದು ನನ್ನ ಬಯಕೆಯಲ್ಲ, ನಮ್ಮವ್ವನ ಹುಕುಂ.

ಶಹಾಪುರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಲೆಕ್ಕ ಅಂದರೆ ಓಡಿಹೋಗುವ ಹುಡುಗಿಯರನ್ನು ಹಿಡಿದು ಕೂಡಿಸಲು ಚುಕ್ಕಿ ರಂಗೋಲಿಯನ್ನು ಕಂಪ್ಯೂಟರಿನಲ್ಲಿ ಬಿಡಿಸುವುದನ್ನು ಹೇಳಿಕೊಟ್ಟೆ. ನಿಯಮ ಬರೆದುಕೊಟ್ಟರೆ ಸಾಕು, ಎಳೆಗಳು ತಾವೇ ಬೆಳೆಯುತ್ತವೆ. ಆ ರಂಗೋಲಿಗಳನ್ನು ಸುಮ್ಮನೆ ಇಂಟರ್ನೆಟ್ಟಿಗೆ ಹಾಕಿದ್ದೆ. ಎಲ್ಲಿಯದೋ ಜರ್ಮನಿಯ ಹ್ಯಾನೋವರಿನಿಂದ ಪತ್ರ ಬಂತು. ಕಂಪ್ಯೂಟರು ಒಂದು ಕೋಣೆ ತುಂಬ ಇರುತ್ತಿದ್ದ ಕಾಲದಲ್ಲಿ ಅದರಿಂದ ಬಿಡಿಸಿದ ಮೊಟ್ಟಮೊದಲ ಚಿತ್ರಗಳನ್ನು ಮತ್ತೆ ಹುಟ್ಟಿಸುವ ಒಂದು ಸಣ್ಣ ಗುಂಪು ಅವರದು. ಹದಿನೈದು ದಿನ ಬಂದು ಕೈಜೋಡಿಸಿ, ಖರ್ಚು ನಮ್ಮದು ಎಂದು ಬರೆದಿದ್ದರು.

ಅದನ್ನು ಹೇಳಲು ರಂಗಂಪೇಟೆಗೆ, ತಮ್ಮನ ಮನೆಗೆ ಹೋದೆ. ಅವ್ವ ಇರುವುದು ಅಲ್ಲೇ. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿಕೋ ಅಂದರೆ ಕಿವಿಯೂ ಇಲ್ಲದವರ ಹಾಗೆ ಕೂಡುತ್ತಾಳೆ. ನಾನು ಹೇಳಿದ್ದನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದಳು.

“ಆ ಮಷೀನು ಗೆರಿ ನೋಡಿ ಎಣಸತೈತೇನು?”

“ಎಣಸತೈತಿ. ಎಷ್ಟ ಇದ್ದರೂ ಎಣಸತೈತಿ.”

ಅವ್ವ ಸೊಂಟದ ಕೀಲಿ ತೆಗೆದಳು. ತಡವರಿಸುತ್ತ ಟ್ರಂಕಿನ ತಳಕ್ಕೆ ಕೈ ಹಾಕಿ ಒಂದು ಕೌದಿ ಎಳೆದು ನನ್ನ ತೊಡೆಯ ಮೇಲಿಟ್ಟಳು. “ನಿಮ್ಮಕ್ಕಂದು,” ಅಂದಳು.

ನಮ್ಮ ಮನೆಯಲ್ಲಿ ಅಕ್ಕ ಎಂಬ ಮಾತು ಎತ್ತಿ ಮೂವತ್ತೈದು ವರ್ಷವಾಗಿತ್ತು.

ಅಕ್ಕನ ಹೆಸರು ನೀಲಮ್ಮ. ನಮ್ಮ ಕಡೆ ಕಾಲುವೆಗೆ ಮೊದಲ ಸಲ ನೀರು ಬಿಟ್ಟಾಗ ಅವಳಿಗೆ ಹದಿನಾರು, ನನಗೆ ಏಳು. ಬಾವಿ, ಕೆರೆ, ಮಳೆಗಾಲದ ಹಳ್ಳ ಇಷ್ಟೇ ಕಂಡಿದ್ದ ಊರು ಅದು. ಕಾಲುವೆಯನ್ನೂ ಹಳ್ಳ ಎಂದೇ ತಿಳಿದರು. ಹಳ್ಳದ ದಂಡೆಗೆ ಕಾಲು ಊರಲು ಮಣ್ಣಿರುತ್ತದೆ, ಬಾವಿಗೆ ಮೆಟ್ಟಿಲಿರುತ್ತವೆ. ಇಳಿಜಾರಾಗಿ ಸಿಮೆಂಟು ಬಳಿದ, ನುಣುಪಾದ ಗೋಡೆಯನ್ನು ನಮ್ಮವರು ಯಾರೂ ನೋಡಿರಲಿಲ್ಲ. ಅಕ್ಕ ಅರಿವೆ ಒಗೆಯಲು ಹೋದಳು. ಜಾರಿದವಳು ಹಿಡಿದುಕೊಳ್ಳಲು ಅಲ್ಲಿ ಒಂದು ಕಲ್ಲೂ ಇರಲಿಲ್ಲ.

ಆಗ ಅವಳು ಹೊಲಿಯುತ್ತಿದ್ದ ಕೌದಿ ಇದು. ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಲಂಗ ಎಲ್ಲ ಪದರ ಪದರ ಹಾಸಿ, ಅಂಚಿನಿಂದ ಶುರುಮಾಡಿ ಸುತ್ತು ಸುತ್ತು ಒಳಗೆ ಹೊಲಿಯುತ್ತ ಬರುವುದು ನಮ್ಮ ಮನೆಯ ಪದ್ಧತಿ. ಬಟ್ಟೆ ಸರಿಯಬಾರದೆಂದು ಅಕ್ಕ ನನ್ನನ್ನು ನಟ್ಟನಡುವೆ ಕೂಡಿಸಿ, ಸುತ್ತಲೂ ಸರಿಯುತ್ತ ಹೊಲಿಯುತ್ತಿದ್ದಳು. ನಡುವಿಗೆ ಬಂದ ಮೇಲೆ ಕಡೆಯ ತೇಪೆಯ ಒಳಗೆ ಒಂದು ಚೂರು ರೊಟ್ಟಿ ಇಟ್ಟು ಮುಚ್ಚಬೇಕು. ಅಲ್ಲಿಗೆ ಕೌದಿಯ ಹೊಟ್ಟೆ ತುಂಬಿತು, ಕೆಲಸ ಮುಗಿಯಿತು.

ಈಗ ಬಿಚ್ಚಿ ನೋಡಿದರೆ ನಡುವೆ ಹೊಲಿಗೆ ಇಲ್ಲದ ಜಾಗ ಒಂದು ರೊಟ್ಟಿಯಷ್ಟು ಅಗಲವಿತ್ತು, ಅಷ್ಟೇ. ಅಂಚಿನಲ್ಲಿ ಒಂದು ಸೂಜಿ ಚುಚ್ಚಿತ್ತು. ಆಗ ನಾನು ಎಷ್ಟು ಸಣ್ಣವಳಿದ್ದೆ ಎಂದು ನನಗೇ ನಗು ಬಂತು.

“ಇನ್ನ ಎಷ್ಟು ಸುತ್ತು ಉಳದಾವು, ಕೇಳಿಕೊಂಡು ಬಾ,” ಅಂದಳು ಅವ್ವ.

“ಅದಕ್ಕ ಜರ್ಮನಿ ಯಾಕ ಬೇಕು? ಈಗ ಅಳತಿ ಹಚ್ಚಿ ಎಣಸತೀನಿ ತಡಿ.”

ಅವ್ವ ನನ್ನ ಕೈ ಮೇಲೆ ಫಟ್ಟನೆ ಹೊಡೆದಳು. “ಹೊಲಿಯೋ ಕೌದಿ ಸುತ್ತು ಮನಷ್ಯಾರು ಎಣಸಬಾರದು. ಹೊಲಿಯಾಕಿ ಆಯುಷ್ಯ ಎಣಸಿದಂಗ ಅದು. ಮಷೀನಿಗೆ ದೋಷ ಇಲ್ಲ. ಸೂಜಿ ತಗೀಬ್ಯಾಡ. ಮೈಮ್ಯಾಲ ಹೊದಿಬ್ಯಾಡ. ಹಸದ ಕೌದಿ ಹೊದ್ದವರನ್ನ ಜಗ್ಗತೈತಿ.”

ಹೊಲಿಯುವವಳ ಆಯುಷ್ಯ ಮುಗಿದು ಮೂವತ್ತೈದು ವರ್ಷವಾಗಿತ್ತು. ಇನ್ನು ಎಣಿಸಲು ಏನು ಉಳಿದಿತ್ತು? ಕೌದಿಯನ್ನು ಮಡಿಚತೊಡಗಿದೆ. ಅವ್ವನ ಕೈ ಇತ್ತೀಚೆಗೆ ಸ್ವಲ್ಪ ನಡುಗುತ್ತಿತ್ತು, ಅವಳ ಜೊತೆ ವಾದ ಮಾಡುವ ಹೊತ್ತಲ್ಲ ಅದು.

ಯಾದಗಿರಿ, ಹೈದರಾಬಾದ್

ಯಾದಗಿರಿ ಸ್ಟೇಷನ್ನಿನಲ್ಲಿ ಬೀಳ್ಕೊಡಲು ತಮ್ಮ ಬಂದಿದ್ದ. ಅವ್ವ ಕೊಟ್ಟ, ಹಪ್ಪಳದಂತೆ ಒಣಗಿದ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ದೊಡ್ಡ ಪೆಟ್ಟಿಗೆಗೆ ಹೋದವು. ಕೌದಿಯನ್ನು ಮಾತ್ರ ಕೈಚೀಲದಲ್ಲಿ ಇಟ್ಟುಕೊಂಡೆ. ಪೆಟ್ಟಿಗೆಗಳು ವಿಮಾನದಲ್ಲಿ ಕಳೆದುಹೋಗುತ್ತವೆ ಎಂದು ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಹೆದರಿಸಿದ್ದರು. ಅವರು ವಿಮಾನ ಹತ್ತಿದವರಲ್ಲ, ಆದರೂ ಅವರ ಮಾತು ನಾಟಿತ್ತು.

ಹೈದರಾಬಾದ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸೂಜಿ ಸಿಕ್ಕಿಬಿತ್ತು. ತೆಲುಗಿನ ಹೆಣ್ಣುಮಗಳೊಬ್ಬಳು ಕೌದಿ ಬಿಚ್ಚಿ, ಸೂಜಿಯ ತಲೆಯನ್ನು ಉಗುರಿನಿಂದ ಸವರಿದಳು. ತೆಗೆಯಿರಿ ಎಂದಳು. ನಾನು ಅರ್ಧ ಹಿಂದಿ, ಅರ್ಧ ಉರ್ದು, ಉಳಿದದ್ದು ಕೈಸನ್ನೆಯಲ್ಲಿ ಬೇಡಿಕೊಂಡೆ. ಇದು ತೀರಿಹೋದ ನಮ್ಮಕ್ಕ ಚುಚ್ಚಿಟ್ಟ ಸೂಜಿ, ಮೂವತ್ತೈದು ವರ್ಷದಿಂದ ಇಲ್ಲೇ ಇದೆ, ತೆಗೆಯಬಾರದು.

ಆಕೆ ನನ್ನ ಮುಖ ನೋಡಿದಳು, ಸೂಜಿ ನೋಡಿದಳು. “ಕೊತ್ತ ಸೂದಿ,” ಎಂದಳು.

ಹೊಸ ಸೂಜಿ ಎಂದರ್ಥ. ನಾನು ಅಲ್ಲ ಎಂದು ತಲೆಯಲ್ಲಾಡಿಸಿದೆ. ಆಕೆ ಸೂಜಿಯ ಮೇಲೆ ಎರಡು ಸಲ ಟೇಪು ಸುತ್ತಿ, ಕೌದಿಯನ್ನು ನಾನು ಮಡಿಚಿದ್ದಕ್ಕಿಂತ ಚೆಂದಾಗಿ ಮಡಿಚಿ ಕೊಟ್ಟಳು. ಸೂಜಿಗೆ ತುಕ್ಕು ಹಿಡಿದಿರಲಿಲ್ಲ ಎಂಬುದು ವಿಮಾನ ಹತ್ತಿ ಕೂತ ಮೇಲೆ ಹೊಳೆಯಿತು. ಟ್ರಂಕಿನಲ್ಲಿ ಬೇವಿನೆಲೆ, ನುಸಿಗುಳಿಗೆ ಹಾಕಿಡುವುದರಿಂದ ಹಾಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ನುಸಿಗುಳಿಗೆಗೂ ತುಕ್ಕಿಗೂ ಏನು ಸಂಬಂಧ ಎಂದು ಯಾವ ವಿದ್ಯಾರ್ಥಿಯಾದರೂ ಕೇಳಿದ್ದರೆ ನಾನು ಉತ್ತರ ಕೊಡಲಾಗದೆ ಬೈದು ಕೂಡಿಸುತ್ತಿದ್ದೆ.

ಹ್ಯಾನೋವರ್, ಮೊದಲ ವಾರ

ನವೆಂಬರಿನ ಹ್ಯಾನೋವರಿಗೆ ಸೂರ್ಯ ಹಾಜರಿ ಹಾಕಲು ಮಾತ್ರ ಬರುತ್ತಾನೆ. ಮಧ್ಯಾಹ್ನ ನಾಲ್ಕಕ್ಕೆ ಬೀದಿದೀಪ ಹತ್ತುತ್ತವೆ. ನಮ್ಮಲ್ಲಿ ಆ ಹೊತ್ತಿಗೆ ಬಿಸಿಲಿಗೆ ಹೆದರಿ ಮಂದಿ ಇನ್ನೂ ಬಾಗಿಲು ತೆರೆದಿರುವುದಿಲ್ಲ.

ನನ್ನನ್ನು ಕರೆದೊಯ್ಯಲು ಬಂದವರು ಹೆಲ್ಗಾ ಎಂಬ ಮುದುಕಿ, ಅವ್ವನಿಗಿಂತ ಎರಡು ವರ್ಷ ದೊಡ್ಡವರು. ಕೆಂಪು ಕೋಟು, ಕೊರಳಿಗೆ ದಾರ ಕಟ್ಟಿದ ಕನ್ನಡಕ, ಗಂಡಸಿನಂಥ ಹೆಜ್ಜೆ. ನಾನು ನಡೆಯುತ್ತಿದ್ದದ್ದು ಸೈಕಲ್ಲಿನವರ ದಾರಿಯಂತೆ. ಹಿಂದಿನಿಂದ ಗಂಟೆ ಬಾರಿಸಿ ಒಬ್ಬ ಬೈದುಕೊಂಡು ಹೋದ, ಹೆಲ್ಗಾ ನನ್ನ ತೋಳು ಹಿಡಿದು ಈಚೆ ಎಳೆದರು. ಮುಂದೆ ರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ, ವಾಹನವೂ ಇರಲಿಲ್ಲ. ಆದರೆ ಸಿಗ್ನಲ್ಲಿನಲ್ಲಿ ಕೆಂಪು ಗೊಂಬೆ ಉರಿಯುತ್ತಿತ್ತು. ಐದಾರು ಮಂದಿ ಮಂಜಿನಲ್ಲಿ ಮಾತಿಲ್ಲದೆ, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಯಾರೋ ಅಪ್ಪಣೆ ಕೊಡುವತನಕ ಮುಂದೆ ಹೋಗಲಾರದವರ ಹಾಗೆ ಕಂಡರು. ಶಹಾಪುರದ ಬಸ್‌ಸ್ಟ್ಯಾಂಡಿನ ಗದ್ದಲ ನೆನಪಾಗಿ ನನಗೆ ಮೊದಲ ದಿನವೇ ಊರ ಚಿಂತೆ ಹತ್ತಿತು.

ನನಗೆ ಕೊಟ್ಟ ಕೋಣೆಯ ಕಿಟಕಿಯ ಕೆಳಗೆ ಕಾಲುವೆ ಇತ್ತು.

ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಹೇಳಲು ಅವರಿಗಾದರೂ ಕಾರಣವೇನು? ಊರಲ್ಲಿ ಬಸ್ಸು ಕಾಲುವೆಯ ಸೇತುವೆ ದಾಟುವಾಗ ನಾನು ಚಪ್ಪಲಿ ನೋಡುತ್ತ ಕೂಡುವವಳು. ಇಲ್ಲಿ ಪರದೆ ಸರಿಸಿದರೆ ಅದೇ ನೇರ ದಂಡೆ, ಅದೇ ಬಣ್ಣವಿಲ್ಲದ ನೀರು. ನಮ್ಮ ಕಾಲುವೆ ಓಡುತ್ತದೆ; ಇದು ಓಡುವುದಿಲ್ಲ. ಮನೆಯಷ್ಟು ಉದ್ದದ ಸರಕಿನ ದೋಣಿಗಳು ಸದ್ದಿಲ್ಲದೆ ಬರುತ್ತವೆ. ಒಂದರ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಒಂದು ಹೆಣ್ಣಿನ ಅಂಗಿ, ಎರಡು ಟವೆಲು. ಮನುಷ್ಯರು ಕಾಣಲಿಲ್ಲ. ಅಂಗಿ ನನ್ನ ಕಿಟಕಿಯ ಮುಂದೆ ನಿಧಾನಕ್ಕೆ ಹಾದು ಹೋಗುವವರೆಗೆ ನಾನು ಪರದೆ ಹಿಡಿದುಕೊಂಡೇ ನಿಂತಿದ್ದೆ.

ಕೆಲಸದ ಜಾಗ ಹಳೆಯ ಗೋದಾಮು. ನಾವು ಮತ್ತೆ ಹುಟ್ಟಿಸಬೇಕಿದ್ದ ಚಿತ್ರವನ್ನು ಕಂಪ್ಯೂಟರಿನಿಂದ ಬಿಡಿಸಿದ ಎಂಜಿನಿಯರು ತೀರಿಹೋಗಿದ್ದಾರೆ, ಅವರು ಬರೆದ ಪ್ರೋಗ್ರಾಮೂ ಸುಟ್ಟುಹೋಗಿದೆ. ಉಳಿದದ್ದು ಒಂದು ಹಾಳೆ. ಅದರ ತುಂಬ ಸಣ್ಣ ಸಣ್ಣ ಗೀಟುಗಳು. ಮೇಲಿನ ಸಾಲುಗಳಲ್ಲಿ ನೆಟ್ಟಗೆ, ಕೆಳಗಿಳಿದಂತೆ ವಾಲುತ್ತ, ಕಡೆಗೆ ಗಾಳಿಗೆ ಬಿದ್ದ ಜೋಳದ ಪೈರಿನಂತೆ. ನೋಡಿದೊಡನೆ ಇದು ಕೌದಿ ಎಂದೆ. ಹೆಲ್ಗಾ ನಕ್ಕು, ಇಷ್ಟು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ ಎಂದರು.

ನಮ್ಮ ಕೆಲಸ ಇಷ್ಟು: ಒಂದೊಂದು ಗೀಟನ್ನೂ ಅಳೆದು, ಅದರ ಹಿಂದಿನ ನಿಯಮ ಹುಡುಕಿ, ಪ್ರೋಗ್ರಾಮನ್ನು ಹೊಸದಾಗಿ ಬರೆಯುವುದು. ಯಾವ ಗೀಟು ಎಷ್ಟು ವಾಲಬೇಕು ಎಂಬುದನ್ನು ಆ ಯಂತ್ರ ದಾಳ ಎಸೆದ ಹಾಗೆ ತಾನೇ ನಿರ್ಧರಿಸುತ್ತಿತ್ತು. ಆದರೆ ಅದು ಕಳ್ಳ ದಾಳ. ಶುರುವಿನಲ್ಲಿ ಕೊಟ್ಟ ಅಂಕಿ ಒಂದೇ ಆದರೆ ಮುಂದೆ ಬೀಳುವುದೆಲ್ಲ ಅದೇ. ಆ ಒಂದು ಅಂಕಿ ಸಿಕ್ಕರೆ ಸತ್ತವರ ಚಿತ್ರ ಕೂದಲೆಳೆ ತಪ್ಪದೆ ಮತ್ತೆ ಬರುತ್ತದೆ.

ಆರನೆಯ ದಿನ ಅಂಕಿ ಸಿಕ್ಕಿತು. ಪೆನ್ನು ಹಿಡಿದ ಕಬ್ಬಿಣದ ತೋಳು ಕಟಕಟ ಎನ್ನುತ್ತ ಎರಡು ತಾಸು ಬಿಡಿಸಿತು. ಹೊಸ ಹಾಳೆಯನ್ನು ಹಳೆಯದರ ಮೇಲಿಟ್ಟು ಕೆಳಗಿನಿಂದ ದೀಪ ಹಚ್ಚಿದರು. ಸಾವಿರಾರು ಗೀಟುಗಳು ಒಂದರೊಳಗೊಂದು ಕೂತವು. ನನಗೆ ಖುಷಿಯಾಗಬೇಕಿತ್ತು, ಆಗಿದ್ದು ಹೆದರಿಕೆ. ಒಂದೇ ಒಂದು ಗೀಟು, ಕೆಳಗಿನ ಮೂಲೆಯದು, ಹೊಂದಲಿಲ್ಲ.

“ಅದು ನಾನು,” ಎಂದರು ಹೆಲ್ಗಾ. “ಆಗ ಅವರ ಹತ್ತಿರ, ಯಂತ್ರ ಓದುವ ಪ್ರೋಗ್ರಾಮಿನ ಕಾರ್ಡಿಗೆ ತೂತು ಹೊಡೆಯುವ ಕೆಲಸದಲ್ಲಿದ್ದೆ. ಯಂತ್ರ ಬಿಡಿಸುವಾಗ ನನ್ನ ಸೊಂಟ ಮೇಜಿಗೆ ತಾಗಿತು. ಅವರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.” ಆ ಗೀಟಿನ ಮೇಲೆ ಬೆರಳಿಟ್ಟು, “ಈ ಹಾಳೆಯಲ್ಲಿ ಮನುಷ್ಯರು ಅಂತ ಇರುವುದು ಇಲ್ಲೊಂದೇ ಕಡೆ” ಎಂದರು.

ಆಗ ನಾನು ಕೌದಿಯ ವಿಷಯ ತೆಗೆದೆ.

ಕಾಲುವೆಯ ದಂಡೆ, ಭಾನುವಾರ

ಶನಿವಾರ ಕೌದಿಯನ್ನು ಗೋದಾಮಿನ ದೊಡ್ಡ ಮೇಜಿನ ಮೇಲೆ ಹಾಸಿ, ಪಕ್ಕದಿಂದ ಬೆಳಕು ಬಿಟ್ಟು, ಹೊಲಿಗೆಯ ನೆರಳು ಮೂಡುವಂತೆ ಫೋಟೋ ತೆಗೆದೆವು. ಸೋಮವಾರ ಯಂತ್ರಕ್ಕೆ ಹಾಕೋಣ, ಮನೆಗೆ ಒಯ್ಯಿರಿ ಎಂದು ಹೆಲ್ಗಾ ಮಡಿಚಿ ಕೊಟ್ಟರು. ಅವರಿಗೆ ಕಟಕ ರೊಟ್ಟಿ ಕೊಟ್ಟಿದ್ದೆ. ತಟ್ಟೆ ಎಂದು ತಿಳಿದು ಅದರ ಮೇಲೆ ಚಟ್ನಿ ಬಡಿಸಿಕೊಂಡು ಚಮಚದಿಂದ ತಿಂದರು. ತಟ್ಟೆಯನ್ನೂ ತಿನ್ನಬೇಕು ಎಂದಾಗ ಬಿದ್ದು ಬಿದ್ದು ನಕ್ಕರು.

ಭಾನುವಾರ ನನಗೆ ಜ್ವರ. ಕೋಣೆಯ ಹೀಟರು ಅದೇ ದಿನ ತಣ್ಣಗಾಗಬೇಕೆ? ಭಾನುವಾರ ಆ ಊರಲ್ಲಿ ಅಂಗಡಿ ಇಲ್ಲ, ರಿಪೇರಿ ಇಲ್ಲ, ಗೋಡೆಗೆ ಮೊಳೆ ಹೊಡೆಯುವಂತೆಯೂ ಇಲ್ಲ. ಇದ್ದಬದ್ದ ಅಂಗಿ, ಸೀರೆ ಎಲ್ಲ ಮೈಮೇಲೆ ಹೇರಿಕೊಂಡರೂ ನಡುಕ ನಿಲ್ಲಲಿಲ್ಲ. ಮೂರೂವರೆಯ ಹೊತ್ತಿಗೆ ಹೊರಗೆ ಮಬ್ಬಾಗತೊಡಗಿತ್ತು. ಅವ್ವನ ಮಾತು ನೆನಪಿತ್ತು. ನೆನಪಿದ್ದೂ ಕೌದಿ ಬಿಚ್ಚಿ ಹೊದ್ದೆ.

ಮೊದಲು ಸುಖವೆನಿಸಿತು. ಹಳೆಯ ಧೋತರದ ಮೆತ್ತಗಿನ ಭಾರ, ಟ್ರಂಕಿನ ವಾಸನೆ. ಕಣ್ಣು ಮುಚ್ಚಿಯೇ ಇದ್ದೆ, ನಿದ್ದೆ ಬಂದಿರಲಿಲ್ಲ. ಆಗ ಕಾಲಿನ ಕಡೆ ಕೌದಿ ಸಣ್ಣಗೆ ಜಗ್ಗಿತು.

ದಾರ ಎಳೆದಾಗ ಬಟ್ಟೆ ಜಗ್ಗುವಷ್ಟೇ. ಇನ್ನೊಮ್ಮೆ. ಮತ್ತೊಮ್ಮೆ. ಅಂಚು ಹಿಡಿದು ನನ್ನ ಸುತ್ತ ಯಾರೋ ಸರಿಯುತ್ತ ಬರುತ್ತಿದ್ದಾರೆ ಅನ್ನಿಸಿತು. ಮೊಣಕಾಲ ಹತ್ತಿರ, ಸೊಂಟದ ಹತ್ತಿರ, ಭುಜದ ಹತ್ತಿರ. ನಾನು ಲೆಕ್ಕದವಳು, ಹೆದರಿದರೂ ಎಣಿಸುತ್ತೇನೆ. ಏಳು ಸಲ ಜಗ್ಗುತ್ತದೆ, ಆಮೇಲೆ ನಿಲ್ಲುತ್ತದೆ. ಆ ನಿಂತ ಹೊತ್ತಿನಲ್ಲಿ ಯಾರೋ ನನ್ನ ಮುಖ ನೋಡುತ್ತಿದ್ದಾರೆ. ಮತ್ತೆ ಏಳು. ಕಣ್ಣು ತೆರೆಯಲು ಧೈರ್ಯ ಸಾಲಲಿಲ್ಲ. ಅಕ್ಕ ಎಂದು ಕರೆಯಬೇಕೆನ್ನಿಸಿತು. ಕರೆದರೆ ಉತ್ತರ ಬಂದೀತು ಎಂದು ಸುಮ್ಮನಾದೆ.

ಎಷ್ಟು ಹೊತ್ತಾಯಿತೋ, ಕಿಟಕಿಯ ಕೆಳಗೆ ದೋಣಿಯೊಂದು ಕೊಂಬು ಊದಿತು. ಎದ್ದು ದೀಪ ಹಾಕಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಸೂಜಿಯ ಟೇಪು ಬಿಚ್ಚಿ ಹಾಸಿಗೆಯ ಮೇಲೆ ಬಿದ್ದಿತ್ತು, ಜ್ವರದಲ್ಲಿ ಹೊರಳಾಡಿದ್ದಕ್ಕೆ ಕಿತ್ತಿರಬಹುದು. ಸೂಜಿ ಮಾತ್ರ ಇದ್ದಲ್ಲೇ ಇತ್ತು.

ಮೂರು ಪೆನ್ನಿನ ಹಾಳೆ

ಸೋಮವಾರ ಇಳಿಬಿದ್ದ ಮುಖ ಹೊತ್ತು ಗೋದಾಮಿಗೆ ಹೋದೆ. ಭಾನುವಾರದ್ದನ್ನು ಯಾರಿಗೂ ಹೇಳಲಿಲ್ಲ. ಜ್ವರವಿತ್ತು ಎಂದೆ, ಅದು ಸುಳ್ಳೂ ಅಲ್ಲ.

ಹೆಲ್ಗಾ ಒಂದು ಪ್ರೋಗ್ರಾಮು ಬರೆದಿಟ್ಟಿದ್ದರು. ಫೋಟೋದ ಪ್ರತಿ ಹೊಲಿಗೆಯೂ ಒಂದು ಗೀಟು. ಎಲ್ಲಿ ಶುರು, ಎಲ್ಲಿ ಕೊನೆ, ಎತ್ತ ವಾಲಿದೆ ಎಂದು ಅಳೆದು, ಒಂದೇ ಕೈಯ ಸುತ್ತುಗಳನ್ನು ಒಂದೇ ಬಣ್ಣದಲ್ಲಿ ಬಿಡಿಸುವುದು. ಉಳಿದಿರುವ ಸುತ್ತುಗಳನ್ನು ಅದೇ ನಿಯಮದಿಂದ ನೀಲಿಯಲ್ಲಿ ಬೆಳೆಸುವುದು. “ಒಂದೇ ಕೈ ಅಲ್ಲವೇ, ಕಪ್ಪೊಂದೇ ಸಾಕು,” ಎಂದೆ. ಅವರು ಅಭ್ಯಾಸಬಲದಿಂದ ಕೆಂಪು ಪೆನ್ನನ್ನೂ ಸಿಕ್ಕಿಸಿದರು.

ಕಬ್ಬಿಣದ ತೋಳು ಅಂಚಿನಿಂದ ಶುರುಮಾಡಿತು. ಕಪ್ಪು ಗೀಟುಗಳು ಸುತ್ತು ಸುತ್ತು ಒಳಗೆ ಬಂದವು. ಇಪ್ಪತ್ತೆರಡು ಸುತ್ತು ಆದ ಮೇಲೆ ತೋಳು ತಟ್ಟನೆ ನಿಂತಿತು. ಪಕ್ಕಕ್ಕೆ ಹೋಗಿ ಕಪ್ಪು ಪೆನ್ನು ಇಟ್ಟು ಕೆಂಪು ಎತ್ತಿಕೊಂಡಿತು.

“ಇಲ್ಲಿಂದ ಬೇರೆ ಹೆಂಗಸು,” ಎಂದರು ಹೆಲ್ಗಾ.

ತಪ್ಪಾಗಿದೆ ಎಂದೆ. ಅವರು ತೋರಿಸಿದರು. ಮೊದಲನೆಯವಳ ಹೊಲಿಗೆ ಏಳು ಒಂದೇ ಸಮ, ಎಂಟನೆಯದು ಉದ್ದ. ಎಲ್ಲ ಕಡೆ ಹಾಗೇ. “ಕಾರ್ಡಿಗೆ ತೂತು ಹೊಡೆಯುವಾಗ ನನ್ನ ಪಕ್ಕದವಳು ಕಿಟಕಿ ನೋಡಿದಾಗೆಲ್ಲ ಒಂದು ತೂತು ಆಚೆ ಬೀಳುತ್ತಿತ್ತು. ಇವಳೂ ತಲೆ ಎತ್ತುತ್ತಾಳೆ, ಕೈ ನಿಲ್ಲಿಸುವುದಿಲ್ಲ. ನಾಲ್ಕೂ ದಿಕ್ಕಿಗೆ ಕೂತಾಗಲೂ ಎತ್ತುತ್ತಾಳೆ ಎಂದರೆ ನೋಡುತ್ತಿದ್ದದ್ದು ನಡುವನ್ನು. ಅಲ್ಲೇನಿತ್ತು?”

“ನಾನಿದ್ದೆ,” ಎಂದೆ. ಏಳು ಹೊಲಿಗೆ ಹಾಕಿ ಒಮ್ಮೆ ನನ್ನನ್ನು ನೋಡುತ್ತಿದ್ದಳು ಅಕ್ಕ. ನಿನ್ನೆ ಮೈಮೇಲೆ ಜಗ್ಗಿದ್ದೂ ಏಳು ಸಲ.

ಕೆಂಪು ಸುತ್ತುಗಳಲ್ಲಿ ಆ ಉದ್ದ ಹೊಲಿಗೆ ಇರಲಿಲ್ಲ. ಎಲ್ಲ ಒಂದೇ ಸಮ, ಸಿಟ್ಟಿನಿಂದ ಹಾಕಿದ ಹಾಗೆ ಒತ್ತೊತ್ತಾಗಿ. ಒಳಗೆ ಹೋದಂತೆ ಅಲ್ಲೊಂದು ಇಲ್ಲೊಂದು ಉದ್ದ ಹೊಲಿಗೆ ಕಾಣಿಸಿತು. ಆಮೇಲೆ ಹೆಚ್ಚಾದವು. ಇಪ್ಪತ್ತೈದು ಸುತ್ತು ಕೆಂಪಿನಲ್ಲಿ ಬಿಡಿಸಿದ ತೋಳು ಮತ್ತೆ ನಿಂತಿತು. ಪಕ್ಕಕ್ಕೆ ಹೋಯಿತು. ಕೆಂಪು ಪೆನ್ನು ಕೆಳಗಿಟ್ಟಿತು. ಕಪ್ಪು ಎತ್ತಿಕೊಂಡು ಇನ್ನೂ ಹತ್ತು ಸುತ್ತು ಹಾಕಿತು, ಮತ್ತೆ ಏಳು ಒಂದೇ ಸಮ, ಎಂಟನೆಯದು ಉದ್ದ.

ಹೆಲ್ಗಾ ಕನ್ನಡಕ ತೆಗೆದರು. “ಮೊದಲನೆಯವಳು ವಾಪಸು ಬಂದಿದ್ದಾಳೆ.”

“ಅವಳು ತೀರಿಹೋಗಿ ಮೂವತ್ತೈದು ವರ್ಷವಾಯಿತು,” ಎಂದೆ. ಅನ್ನುತ್ತಿದ್ದಂತೆಯೇ ಲೆಕ್ಕ ಬಡಿಯಿತು. ಕೆಂಪು ಇಪ್ಪತ್ತೈದು, ಆಮೇಲಿನ ಕಪ್ಪು ಹತ್ತು. ವರ್ಷಕ್ಕೊಂದು ಸುತ್ತು.

ಗಣಿತ ಟೀಚರು ನಾನು, ಏಳು ವರ್ಷದ ಹುಡುಗಿ ರೊಟ್ಟಿಯಷ್ಟು ಜಾಗದಲ್ಲಿ ಕೂಡುವುದು ಹೇಗೆ ಎಂದು ಒಂದು ಸಲವೂ ಯೋಚಿಸಲಿಲ್ಲ. ಅಕ್ಕ ಹೋದಾಗ ನಡುವೆ ನಾನು ಕೂಡುವಷ್ಟು ಜಾಗವಿತ್ತು. ಅದನ್ನು ಮೂವತ್ತೈದು ವರ್ಷ ಹೊಲಿದು ಹೊಲಿದು ಕಿರಿದು ಮಾಡಿದವಳು ಅವ್ವ. ಕಡೆಯ ಹತ್ತು ಸುತ್ತಿನಲ್ಲಿ ಅವಳ ಕೈಯೂ ಅಕ್ಕನ ಕೈಯ ಹಾಗೇ ಆಗಿತ್ತು. ಟ್ರಂಕಿನ ಕೀಲಿ ಇದ್ದದ್ದು ಅವಳ ಸೊಂಟದಲ್ಲಿ ಮಾತ್ರ. ಅವಳು ಎಣಿಸಲು ಹೆದರುತ್ತಿದ್ದದ್ದು ತನ್ನ ಆಯುಷ್ಯವನ್ನು.

ಯಂತ್ರ ಕಡೆಗೆ ನೀಲಿ ಪೆನ್ನಿನಲ್ಲಿ ಎಂಟು ಸುತ್ತು ಹಾಕಿ ನಡುವಿಗೆ ಬಂದು ನಿಂತಿತು. ಎಂಟು ವರ್ಷ. ಅವ್ವನಿಗೆ ಈಗ ಎಪ್ಪತ್ತಾರು.

ಆದರೆ ನನ್ನನ್ನು ಹೆದರಿಸಿದ್ದು ಆ ಎಂಟಲ್ಲ. ಹೆಲ್ಗಾ ಬಾಯಿಬಿಟ್ಟು ಕೇಳಿಯೇಬಿಟ್ಟರು. “ಈ ಎರಡನೆಯವಳೂ ತಲೆ ಎತ್ತುತ್ತಾಳಲ್ಲ. ಆಗ ನಡುವೆ ನೀವಿರಲಿಲ್ಲ. ಇವಳು ಯಾರನ್ನು ನೋಡುತ್ತಿದ್ದಳು?”

ವಾಪಸು

ಯಾದಗಿರಿಯಲ್ಲಿ ಇಳಿದಾಗ ಬಿಸಿಲು ಕಪಾಳಕ್ಕೆ ಹೊಡೆದ ಹಾಗಿತ್ತು, ಹಿತವೆನಿಸಿತು. ಬಸ್ಸಿನಲ್ಲಿ ಮೂವರ ಸೀಟಿಗೆ ಐವರು, ಕಾಲಡಿ ಯಾರದೋ ಆಡಿನ ಮರಿ. ಮನುಷ್ಯನ ಆಕಾರದ ಶಹಾಪುರದ ಗುಡ್ಡ ಎಂದಿನಂತೆ ಅಂಗಾತ ಮಲಗಿತ್ತು. ಕಾಲುವೆಯ ಸೇತುವೆ ಬಂದಾಗ ಈ ಸಲ ಚಪ್ಪಲಿ ನೋಡಲಿಲ್ಲ. ನೀರು ದಂಡೆ ತುಂಬಿ ಓಡುತ್ತಿತ್ತು. ಎರಡೂ ಬದಿ ಭತ್ತದ ಗದ್ದೆ. ಅವ್ವ ಇವತ್ತಿಗೂ ಆ ನೀರಿನ ಅಕ್ಕಿ ಉಣ್ಣುವುದಿಲ್ಲ, ಮನೆಯಲ್ಲಿ ಅವಳಿಗೆ ಜೋಳದ ರೊಟ್ಟಿಯೇ ಆಗಬೇಕು.

ರಂಗಂಪೇಟೆಯಲ್ಲಿ ಅವಳು ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಹಾಳೆ ಬಿಚ್ಚಿ ಅವಳ ಮುಂದೆ ಹಾಸಿದೆ. ಅವ್ವ ಬೆರಳಿನಿಂದ ಸವರಿದಳು.

“ಏನೂ ಹತ್ತವಲ್ದು ಕೈಗೆ.”

“ಕಾಗದ ಬೇ ಅದು.”

“ಎಷ್ಟು ಅಂತು?”

“ಎಂಟು.”

ಅವ್ವ ಕೌದಿಯನ್ನು ಎಳೆದುಕೊಂಡು ಸೂಜಿ ಇದೆಯೋ ಎಂದು ಮುಟ್ಟಿ ನೋಡಿದಳು. ನಾನು ತಡೆಯಲಾರದೆ ಹೇಳಿಬಿಟ್ಟೆ. “ಯವ್ವಾ, ನಾ ಹೊದ್ದಿದ್ದೆ. ಜ್ವರ ಬಂದಿತ್ತು.”

“ಜಗ್ಗಿತು?”

“ಜಗ್ಗಿತು. ಏಳು ಸಲ ಜಗ್ಗತಿತ್ತು, ಆಮ್ಯಾಲ ನಿಂದರತಿತ್ತು.”

ಅವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ಅಕ್ಕ ಹೋದ ದಿನವೂ ಅತ್ತಿರಲಿಲ್ಲ.

“ವರ್ಷಾ ಕಾಲುವಿಗೆ ನೀರು ಬಿಡೋ ದಿನಾ ಒಂದ ಸುತ್ತು ಹಾಕತೀನಿ,” ಎಂದಳು. “ಮದಲ ಮದಲ ಯಾರೂ ಇರತಿದ್ದಿಲ್ಲ. ಸಿಟ್ಟಿಲೆ ಹೊಲಿತಿದ್ದೆ. ಆಮ್ಯಾಗ ಒಂದ ವರ್ಷಾ ತಲಿ ಎತ್ತಿ ನೋಡತೀನಿ, ನಿಮ್ಮಕ್ಕ ನಡಕ ಕುಂತಾಳ. ಅಷ್ಟ ದೊಡ್ಡಾಕಿ, ಮೊಣಕಾಲ ಮಡಚಿಕೊಂಡು ಕುಂತಾಳ. ವರ್ಷಾ ವರ್ಷಾ ಜಾಗಾ ಸಣ್ಣದಾತು, ಅಕಿನೂ ಸಣ್ಣಾಕಿ ಆದ್ಳು. ಈಗ ತೊಟ್ಟಲ ಕೂಸಿನಷ್ಟ ಆಗ್ಯಾಳ.”

ಒಳಗೆ ತಮ್ಮನ ಹೆಂಡತಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

“ಒಂದ ದಿನಾ ಕುಂತರ ಎಂಟೂ ಮುಗಿತಾವ ಬೇ. ನಾನs ಹೊಲಿತೀನಿ.”

“ಲಗೂ ಮುಗಿಸಿದ್ರ ಲಗೂ ಹೋಗಿಬಿಡತಾಳ.” ಅವ್ವ ಮೂಗು ಒರೆಸಿಕೊಂಡಳು. “ತಡಾ ಮಾಡಿದ್ರ ನಾ ಮದಲ ಹೋಗತೀನಿ. ಅಕಿ ಹಸಕೊಂಡು ಟ್ರಂಕಿನ್ಯಾಗ ಕುಂತಿರಬೇಕೇನು? ಅದಕ್ಕs ಎಣಿಸಿಕೊಂಡು ಬಾ ಅಂದಿದ್ದು.”

ಮುಂದಿನ ವರ್ಷ ನೀರು ಬಿಡುವ ದಿನ ಇನ್ನೂ ದೂರವಿತ್ತು. ಅವ್ವ ಕೌದಿ ಸವರುತ್ತಲೇ ಸೂಜಿ ಕಿತ್ತು ನನ್ನ ಕೈಗೆ ಕೊಟ್ಟಳು. “ಇವತ್ತ ಒಂದ ಸುತ್ತು ನೀ ಹಾಕು. ನಿನ್ನ ಕೈ ಅಕಿಗೆ ರೂಢಿ ಆಗಲಿ. ಮುಂದಿಂದು ವರ್ಷಕ್ಕೊಂದು, ನಾ ಇದ್ದರೂ ನೀನ, ಇಲ್ಲದಿದ್ದರೂ ನೀನ.”

ಜರ್ಮನಿಯ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ನೀಲಿ ಗೀಟು ನೋಡಿ ಹೊಲಿಯಲು ಹೊರಟೆ. ಗಾಳಿಗೆ ಅದು ಸುರುಳಿ ಸುತ್ತಿಕೊಂಡಿತು, ಬಿಟ್ಟೆ. ನಾನು ಸೂಜಿ ಹಿಡಿದು ಎಷ್ಟೋ ವರ್ಷವಾಗಿತ್ತು. ಬೆರಳಿಗೆ ಎರಡು ಸಲ ಚುಚ್ಚಿಕೊಂಡೆ. ಎಣಿಸಬಾರದೆಂದು ನಾಲಗೆ ಕಚ್ಚಿಕೊಂಡು ಹೊಲಿದೆ. ಅವ್ವನ ಬೆರಳು ನನ್ನ ಹೊಲಿಗೆಯ ಹಿಂದೆ ಹಿಂದೆಯೇ ಸರಿಯುತ್ತಿತ್ತು.

ಯಾಕೆಂದು ಗೊತ್ತಿಲ್ಲ, ತಲೆ ಎತ್ತಿದೆ. ಕೈ ನಿಲ್ಲಲಿಲ್ಲ. ಕೌದಿಯ ನಡುವೆ ನೋಡಿ ಮತ್ತೆ ತಲೆ ತಗ್ಗಿಸಿದಾಗ ಹೊಲಿಗೆ ಒಂದು ಉದ್ದ ಬಿದ್ದಿತ್ತು. ಅವ್ವನ ಬೆರಳು ಅದರ ಮೇಲೆ ಬಂದು ನಿಂತಿತು.

“ಕಂಡ್ಳು?” ಎಂದಳು.

“ಹೂಂ. ಹಸದಾಳ ಬೇ.”

ಅವ್ವ ನನ್ನ ಕಡೆ ತಿರುಗಲಿಲ್ಲ. ಕೌದಿಯ ನಡುವಿಗೇ ಮುಖ ಮಾಡಿ, ಅಳುವ ಕೂಸಿಗೆ ಹೇಳುವ ದನಿಯಲ್ಲಿ ಹೇಳಿದಳು. “ರೊಟ್ಟಿ ಕೊಡತಾಳ ತಡಿ ಯವ್ವಾ. ಇನ್ನ ಏಳs ಸುತ್ತು.”